ಹದಿನೇಳನೇ ಫೈಲು

ಗೌರಿಬಿದನೂರು
೮-೧೧-೧೯೯೮, ಭಾನುವಾರ

ಪ್ರೀತಿಯ ಅಣ್ಣಾ,

ಆ ಹಿಮದಲ್ಲಿ ಹೇಗಿದ್ದೀಯ? ಬೆಳಿಗ್ಗೆ ಏಳುತ್ತಲೇ ಬರುತ್ತಿದ್ದ ತಲೆನೋವು ನಿಂತಿತೇ? ಘಾಟಿಯಲ್ಲಿ ಮಿಲಿಟರಿ ಲಾರಿ ಓಡಿಸುವಾಗ ಕಣ್ಣು ಮಂಜಾಗುವುದಿಲ್ಲ ತಾನೆ? ‘ಚೆನ್ನಾಗಿದ್ದೀನಿ’ ಎಂದು ಒಂದೇ ಗೆರೆ ಗೀಚಿ ಕಳಿಸಬೇಡ, ನನಗೆ ಸಿಟ್ಟು ಬರುತ್ತದೆ. ಅಮ್ಮ ಆರಾಮಾಗಿದ್ದಾಳೆ. ಬರೆದಿದ್ದನ್ನೆಲ್ಲ ಓದಿ ಹೇಳಬೇಕಂತೆ, ಎದುರಿಗೇ ಅವರೆಕಾಯಿ ಸುಲಿಯುತ್ತ ಕೂತಿದ್ದಾಳೆ.

ನನ್ನ ಕೆಲಸ ಅದೇ. ಬೆಳಗಿನ ರೈಲಿಗೆ ಬೆಂಗಳೂರು, ಸಂಜೆಯ ರೈಲಿಗೆ ಮನೆ. ಆರೋಗ್ಯವಂತರ ತಲೆ ಬೇಕು ಎಂದು ಕಾಡಿ, ಜೂನ್ ರಜೆಯಲ್ಲಿ ನಿನ್ನನ್ನು ನಮ್ಮ ಲ್ಯಾಬಿನ ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿದ್ದೆನಲ್ಲ? ಯಂತ್ರ ಕೊಡುವ ಫೈಲು ನಮ್ಮ ಸಾಫ್ಟ್‌ವೇರಿಗೆ ಅರ್ಥವಾಗುವುದಿಲ್ಲ. ಬೇರೆ ನಮೂನೆಗೆ ಬದಲಿಸಿದರೆ ಮೆದುಳಿನ ಮೇಲ್ಮೈ ಬಲೆ ನೇಯ್ದಂತೆ ಪರದೆಯ ಮೇಲೆ ಏಳುತ್ತದೆ. ಬದಲಿಸುವಾಗ ಎಡವಟ್ಟಾದರೆ ಇಲ್ಲದ ಉಬ್ಬು, ಇಲ್ಲದ ತೂತು ಕಾಣುತ್ತವೆ. ಅವನ್ನು ಮೌಸ್ ಹಿಡಿದು ಸವರಿ ಸರಿಮಾಡುವವಳು ನಾನು. ನಿನ್ನದು ಹದಿನೇಳನೇ ಫೈಲು. ಅದನ್ನು ಮುಗಿಸಿ ಬಂದ ದಿನ ‘ನಿನ್ನ ತಲೇಲಿ ಏನೂ ಇಲ್ಲ ಕಣೋ’ ಎಂದು ರೇಗಿಸಿದ್ದೆ. ಪಕ್ಕದ ಮನೆಯ ಗಂಗುಲಮ್ಮನಿಗೆ ಅದನ್ನು ಹೇಳಿಕೊಂಡು ಅಮ್ಮ ಇವತ್ತಿಗೂ ನಗುತ್ತಾಳೆ.

ಹೋದ ವಾರ ಹೊಸ ಸಾಫ್ಟ್‌ವೇರ್ ಬಂತು. ಹಳೆಯ ಫೈಲುಗಳನ್ನೆಲ್ಲ ಮತ್ತೆ ಬದಲಿಸುತ್ತಿದ್ದೇನೆ. ಒಂದರಲ್ಲಿ, ಹಿಂದೆ ನಾನು ಸವರಿದ್ದ ಜಾಗದಲ್ಲೇ ಉಬ್ಬು ಮತ್ತೆ ಎದ್ದಿತು. ಮೂರು ಸಲ ಬದಲಿಸಿದೆ, ಮೂರು ಸಲವೂ ಅಲ್ಲೇ. ಯಾರದಮ್ಮಾ ಅದು ಎಂದು ಅಮ್ಮ ಈಗ ತಾನೆ ಕೇಳಿದಳು. ನಂಬರ್ ಮಾತ್ರ ಇರುತ್ತೆ ಅಂದೆ. ‘ಪಾಪ, ಯಾರ ಮಗನೋ’ ಅಂದಳು.

ರಜೆ ಕೇಳು, ಅಣ್ಣಾ. ನೋಡಬೇಕು ಅನ್ನಿಸಿದೆ. ಅಮ್ಮನ ಆಶೀರ್ವಾದ ಈ ಕಾಗದದ ಜೊತೆಗೇ ಬರುತ್ತಿದೆ.

ನಿನ್ನ ತಂಗಿ,
ವೆಂಕಟರತ್ನ

ತಾ.ಕ.: ಸೋಮವಾರ ಬೆಳಿಗ್ಗೆ, ತಂತಿ ಆಫೀಸು. ಅಂಟಿಸಿದ್ದ ಲಕೋಟೆ ಬಿಡಿಸಿ ಬರೆಯುತ್ತಿದ್ದೇನೆ, ಇದನ್ನು ಅಮ್ಮ ಕೇಳಿಲ್ಲ. ಆ ಫೈಲು ನಿನ್ನದೇ. ಜೂನಿನಲ್ಲೂ ಉಬ್ಬು ಇತ್ತು. ನಮ್ಮಣ್ಣನಿಗೇನು ಧಾಡಿ, ಬದಲಿಸುವಾಗ ಆದ ತಪ್ಪೇ ಇರಬೇಕು ಎಂದು ಸವರಿಬಿಟ್ಟೆ. ಶನಿವಾರ ಮೂಲ ಚಿತ್ರ ತೆಗೆಸಿ ನೋಡಿದ ಡಾಕ್ಟರು ಗಡ್ಡೆ ಎಂದರು, ತಡಮಾಡಬಾರದು ಎಂದರು. ಐದು ತಿಂಗಳು ನನ್ನಿಂದ ಹಾಳಾಯಿತು, ಕ್ಷಮಿಸು. ಇನ್ನು ಸ್ಟೀರಿಂಗ್ ಮುಟ್ಟಬೇಡ. ಕೂಡಲೇ ರಜೆ ಸಿಗಲೆಂದು ‘ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ’ ಎಂದು ತಂತಿ ಕೊಡುತ್ತಿದ್ದೇನೆ. ತಂತಿ, ಈ ಕಾಗದ, ಯಾವುದು ಮೊದಲು ತಲುಪುತ್ತದೋ ತಿಳಿಯದು. ಅಮ್ಮನಿಗೆ ಏನೂ ಆಗಿಲ್ಲ. ನೀನು ಬಾ.