ತೌಡಿಗೆ ಮಾರಿದ ಮಗುವಿನ ಹೆಸರು

1974 ಜುಲೈ 9, ಸಂಜೆ

ಬಂದರಿನ ಗೋದಾಮಿನಲ್ಲಿ ಇಡೀ ದಿನ ಗೋಣಿ ತಿರುವಿ ಹಾಕಿಸುವ ಕೆಲಸ. ಈ ಮಳೆಗೆ ಒಳ್ಳೆಮೆಣಸು ಬೂಷ್ಟು ಹಿಡಿಯುತ್ತದೆ. ಪಾರ್ಟ್‌ನರ್ ಖಾಲಿದ್ ಎಂದಿನಂತೆ ತಡವಾಗಿ ಬಂದ, ಎಂದಿನಂತೆ ನಕ್ಕ.

ಮಧ್ಯಾಹ್ನ ಫೋನ್. ತಂಗಿ ಆಶಾಲತಾಳಿಗೆ ಹೆಣ್ಣು ಮಗು. ಇಬ್ಬರೂ ಕ್ಷೇಮ... ಆ ಶಬ್ದ ಕೇಳಿ ಸಂತೋಷಪಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಹಿಂದಿನ ಎರಡು ಸಲವೂ ಹಾಗೆಯೇ ಹೇಳಿದ್ದರು. ಎರಡೂ ಗಂಡು. ಎರಡೂ ತೊಟ್ಟಿಲಿಗೆ ಹಾಕುವ ಮೊದಲೇ ಹೋದವು.

ಬೊಂಬಾಯಿಯಲ್ಲಿರುವ ಭಾವ ತಾರಾನಾಥನಿಗೆ ಟೆಲಿಗ್ರಾಂ ಕೊಟ್ಟೆ. ನಮ್ಮದು ಅಳಿಯಕಟ್ಟು. ಮಗು ತಾಯಿಯ ಮನೆಯದು. ನಮ್ಮ ಮನೆಯಲ್ಲಿ ಹೆಸರಿಡುವುದು ಸೋದರಮಾವ, ಅಂದರೆ ನಾನು. ಶಶಿಪ್ರಭಾ — ಎಷ್ಟೋ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡ ಹೆಸರು. ಬಾಯಿ ಬಿಟ್ಟು ಹೇಳಲು ಹೆದರಿಕೆ.

ಜುಲೈ 13

ಮಗು ಮಣ್ಣಗುಡ್ಡದ ಮನೆಗೆ ಬಂತು. ಅಂಗೈಯಷ್ಟಿದೆ. ಹಾಲು ಎಳೆಯುವುದಿಲ್ಲ. ಅಳುವುದೂ ಇಲ್ಲ. ಡಾಕ್ಟರು "ನೋಡೋಣ" ಎಂದರು. ಆ ನೋಡೋಣವನ್ನು ನಾವು ಎರಡು ಸಲ ನೋಡಿಯಾಗಿದೆ.

ಜುಲೈ 14, ಭಾನುವಾರ

ಅಮ್ಮ ಬೆಳಿಗ್ಗೆಯೇ ಅಕ್ಕಿ ಕೇರುವ ಗೆರಸೆ ತೊಳೆದು ಅಂಗಳದಲ್ಲಿಟ್ಟರು. "ಡಾಕ್ಟ್ರು ನೋಡಿ ಆಯ್ತು. ಇನ್ನು ನನ್ನ ಕ್ರಮ."

ಮಕ್ಕಳು ಉಳಿಯದ ಮನೆಯ ಹಳೇ ಕ್ರಮ. ಮಗುವನ್ನು ಗೆರಸೆಯಲ್ಲಿ ಮಲಗಿಸಿ ಒಂದು ಹಿಡಿ ತೌಡಿಗೆ ಬೇರೆಯವರಿಗೆ ಮಾರುವುದು. ಕೊಂಡವರು ಕಸ, ಕುಪ್ಪೆ ಎಂದು ಏನಾದರೂ ಕೀಳು ಹೆಸರಿಡಬೇಕು. ಯಮ ಬಂದರೂ ಇದು ಬೇಡದ ವಸ್ತು ಎಂದು ಬಿಟ್ಟು ಹೋಗಬೇಕು. ಶಾಲೆಗೆ ಹೋಗುವ ಪ್ರಾಯವಾದಾಗ ಕೊಂಡವರಿಗೆ ಸೀರೆ ಕೊಟ್ಟು, ಅವರ ಬಾಯಿಯಿಂದ "ಕೊಟ್ಟೆ" ಅನ್ನಿಸಿಕೊಂಡು, ಮಗುವನ್ನು ಬಿಡಿಸಿಕೊಳ್ಳುವುದು. ಆಮೇಲೆ ಒಳ್ಳೆಯ ಹೆಸರು.

ನಾನು ನಕ್ಕೆ. ಅಮ್ಮ ನಗಲಿಲ್ಲ.

ಕೊಂಡವರು ಪಕ್ಕದ ಮನೆಯ ಸಲೋಮಿ ಬಾಯಿ. ರಿಟೈರ್ಡ್ ನರ್ಸ್, ಪ್ರಾಟೆಸ್ಟೆಂಟ್, ಮದುವೆಯಾಗಿಲ್ಲ. ಬೇರೆ ಮತದವರಾದರೆ ಇನ್ನೂ ಒಳ್ಳೆಯದು, ಯಮನಿಗೆ ವಿಳಾಸ ತಪ್ಪುತ್ತದೆ ಎಂದು ಅಮ್ಮನ ಲೆಕ್ಕ. ಬಾಯಿ ತೌಡು ಕೊಟ್ಟರು. ಮಗುವನ್ನು ಎತ್ತಿ ಸೆರಗಿನೊಳಗೆ ಎದೆಗೆ ಒತ್ತಿಕೊಂಡು ಕೂತರು. ಹತ್ತಿಯನ್ನು ಹಾಲಿನಲ್ಲಿ ಅದ್ದಿ ತುಟಿಗೆ ಹನಿ ಹನಿ ಬಿಟ್ಟರು. ತುಟಿ ಅಲುಗಿತು. ನಾನು ನೋಡಿದೆ, ಅಲುಗಿತು.

"ಕೊಂಡದ್ದು ನಾನಲ್ವಾ? ಹೆಸರೂ ನನ್ನದೇ. ಇವಳು ಕೆಜಿಯಾ."

"ಎಂತ? ಎಂತ ಹೆಸರದು?" ಅಮ್ಮ ಗಾಬರಿಯಾದರು.

"ಹೀಬ್ರೂ ಹೆಸರು, ಉಮಾವತಿಯಮ್ಮ."

"ಅರ್ಥ ಎಂತ?"

ಬಾಯಿ ಒಂದು ಸಲ ನನ್ನ ಮುಖ ನೋಡಿದರು. "ಮರದ ತೊಗಟೆ."

ಅಮ್ಮನಿಗೆ ಸಮಾಧಾನ. "ತೊಗಟೆ ಆದ್ರೆ ಅಡ್ಡಿಯಿಲ್ಲ. ಒಲೆಗೆ ಹಾಕುವುದೇ ಅಲ್ವಾ."

ಜುಲೈ 17

ಇವತ್ತು ಬಾಯಿಯ ಜಗಲಿಗೆ ಹೋಗಿ ಕೇಳಿದೆ — ಯಾವ ಮರದ ತೊಗಟೆ?

"ಶೆಟ್ರೇ, ನಿಮ್ಮ ಅಂಗಿಯಿಂದ ದಿನಾ ಬರುವ ಪರಿಮಳ ಎಂತದ್ದು?"

ದಾಲ್ಚಿನ್ನಿ! ದಪ್ಪ ಜಾತಿಯ ಚಕ್ಕೆ, ವ್ಯಾಪಾರದಲ್ಲಿ ಕ್ಯಾಸಿಯಾ ಅನ್ನುತ್ತೇವೆ. ಗೋದಾಮಿನ ಹಿಂದಿನ ಕೋಣೆ ತುಂಬ ಅದೇ.

ಆಮೇಲೆ ಬಾಯಿ ತಮ್ಮ ವೇದದ ಕಥೆ ಹೇಳಿದರು. ಒಬ್ಬ ಮನುಷ್ಯ. ದನ ಹೋಯಿತು, ಆಳುಗಳು ಹೋದರು, ಹತ್ತು ಮಕ್ಕಳೂ ಒಂದೇ ದಿನ ಹೋದರು. ಬೂದಿಯಲ್ಲಿ ಕೂತ. ಎಷ್ಟೋ ಕಾಲದ ನಂತರ ಮತ್ತೆ ಮಕ್ಕಳಾದವು. ಗಂಡುಮಕ್ಕಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಮೂರು ಹೆಣ್ಣುಮಕ್ಕಳದ್ದು ಬರೆದಿಟ್ಟರು. ನಡುವಿನವಳು ಕೆಜಿಯಾ.

"ಅಣ್ಣತಮ್ಮಂದಿರ ಜೊತೆ ಹೆಣ್ಣುಮಕ್ಕಳಿಗೂ ಆಸ್ತಿ ಕೊಟ್ಟನಂತೆ ಅವನು."

ನಮ್ಮ ತುಳುನಾಡು ಬಿಟ್ಟರೆ ಇನ್ನೆಲ್ಲೂ ಇಲ್ಲ ಎಂದುಕೊಂಡಿದ್ದೆ ಮಾರಾಯ, ಅದೂ ಅಷ್ಟು ಹಿಂದೆ! ಬಾಯಿ ಮಗುವಿನ ತಲೆ ಸವರುತ್ತ ಮೆಲ್ಲಗೆ ಹೇಳಿದರು:

"ಅಷ್ಟು ಸಾವು ಕಂಡವನು ಹೆದರಿ ಕಸ ಅಂತ ಹೆಸರಿಡ್ಲಿಲ್ಲ ಶೆಟ್ರೇ. ಪರಿಮಳ ಅಂತ ಇಟ್ಟ."

ಎದ್ದು ಬಂದೆ.

ಜುಲೈ 18

ಗೋದಾಮಿನಲ್ಲಿ ಒಂದು ಗೋಣಿ ಬಿಚ್ಚಿಸಿ ಚಕ್ಕೆಯೊಂದನ್ನು ಕೈಯಲ್ಲಿ ಹಿಡಿದು ನಿಂತೆ. ಪ್ರಾಯಕ್ಕೆ ಬಂದಾಗಿನಿಂದ ಇದನ್ನು ತೂಗಿದ್ದೇನೆ, ಬೈದಿದ್ದೇನೆ, ಚೌಕಾಸಿ ಮಾಡಿದ್ದೇನೆ. ಒಮ್ಮೆಯೂ ಮೂಸಿ ನಿಂತಿರಲಿಲ್ಲ. ಎಷ್ಟೋ ಸಾವಿರ ವರ್ಷದ ಹಿಂದೆ ಯಾವುದೋ ದೇಶದ ತಂದೆಯೊಬ್ಬ ಇದೇ ವಾಸನೆಗೆ ಮಗಳನ್ನು ನೆನೆಸಿಕೊಂಡಿರಬೇಕು. ಅದು ಬಂದರಿಗೆ ಬಂದು ನನ್ನ ಕೈಯಲ್ಲಿದೆ...

"ಎಂತ ಮಾರಾಯ, ಹುಳ ಉಂಟಾ?" ಎಂದ ಖಾಲಿದ್.

ಅಮ್ಮನಿಗೆ ಹೇಳಬಾರದು. ಒಳ್ಳೆಯ ಹೆಸರೆಂದು ಗೊತ್ತಾದರೆ ಇವತ್ತೇ ಬದಲಿಸುತ್ತಾರೆ. ಬದಲಿಸಿದರೆ ಏನಾಗುತ್ತದೋ — ಛೆ, ನಾನೂ ಇದನ್ನೆಲ್ಲ ನಂಬಲು ಶುರು ಮಾಡಿದೆನೇ?

ಆಗಸ್ಟ್ 3

ಅತ್ತಳು! ಇಡೀ ಮಣ್ಣಗುಡ್ಡಕ್ಕೆ ಕೇಳುವ ಹಾಗೆ ಅತ್ತಳು. ಆಶಾ ನಗುತ್ತಾ ಅತ್ತಳು. ಅಮ್ಮ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

1976 ಫೆಬ್ರವರಿ 20

ಕೆಜಿಯಾ ನಡೆಯುತ್ತಾಳೆ ಅನ್ನುವುದಕ್ಕಿಂತ ಓಡುತ್ತಾಳೆ. ಓಡುವುದು ನೇರ ಬಾಯಿಯ ಮನೆಗೆ. ಇವತ್ತು ಕೇಳಿದೆ, ಮಂಗಳೂರಿನಲ್ಲಿ ಈ ಹೆಸರಿನವರು ಬೇರೆ ಯಾರಿದ್ದಾರೆ?

"ನಾನು ಕಂಡಿಲ್ಲ. ಹೆರಿಗೆ ಮಾಡಿಸಿದ್ದಕ್ಕೆ ಲೆಕ್ಕ ಉಂಟಾ? ಮೇರಿಗಳು ರಾಶಿ. ಕೆಜಿಯಾ ಒಬ್ಬಳೂ ಇಲ್ಲ. ಯಾರಿಗಾದ್ರೂ ಇಡಬೇಕು ಅಂತ ಸಣ್ಣ ಪ್ರಾಯದಿಂದ ಆಸೆ ಇತ್ತು. ಇಡ್ಲಿಕ್ಕೆ ನನ್ನದು ಅಂತ ಒಂದು ಬೇಕಲ್ಲ ಶೆಟ್ರೇ."

ನಗುತ್ತಲೇ ಹೇಳಿದರು. ನನಗೆ ನಗಲಾಗಲಿಲ್ಲ.

1977 ನವೆಂಬರ್ 6

ಮೀನಿನ ವಾರಿಜಾಕ್ಷಿ ಬುಟ್ಟಿ ಇಳಿಸಿದವಳು ಬಂಗುಡೆಯ ಸುದ್ದಿಯೇ ಎತ್ತಲಿಲ್ಲ. ಅವಳಿಗೂ ಒಂದರ ಹಿಂದೆ ಒಂದು ಮಕ್ಕಳು ಹೋಗಿವೆ. ಈಗ ಹೆಣ್ಣು ಹುಟ್ಟಿದೆ.

"ಶೆಟ್ರೇ, ನಿಮ್ಮ ಮಗುವಿನ ಆ ಹೆಸರು ನನಗೂ ಬೇಕಿತ್ತು."

"ಹೆಸರು ನನ್ನದಲ್ಲ. ಬಾಯಿಯನ್ನು ಕೇಳು."

ಕೇಳಿದಳಂತೆ. ಬಾಯಿ ತೌಡು ಕೊಟ್ಟು ಅದನ್ನೂ ಕೊಂಡರಂತೆ. ಮೊಗವೀರರ ಮನೆಯಲ್ಲಿ ಒಬ್ಬಳು ಕೆಜಿಯಾ!

1979 ಮಾರ್ಚ್ 11

ಹೋದ ವರ್ಷ ಗೋದಾಮಿನ ಹಮಾಲ ಪೂವಪ್ಪನ ಮೊಮ್ಮಗಳನ್ನೂ ಬಾಯಿ ತೌಡಿಗೆ ಕೊಂಡು ಅದೇ ಹೆಸರಿಟ್ಟಿದ್ದರು. ಇವತ್ತು ಬಾಯಿಯ ಅಂಗಳದಲ್ಲಿ "ಕೆಜಿಯಾ" ಎಂದು ಕರೆದೆ, ಮೂವರು ತಿರುಗಿ ನೋಡಿದರು. ಊರಿಗೆ ಒಂದೂ ಇಲ್ಲದಿದ್ದ ಹೆಸರು. ಯಾರೂ ಮತ ಬಿಡಲಿಲ್ಲ, ಬಿಡಿ ಎಂದು ಸಲೋಮಿ ಬಾಯಿ ಹೇಳಲೂ ಇಲ್ಲ. ಹೆಸರೊಂದು ಮನೆಯಿಂದ ಮನೆಗೆ ಹೀಗೆ ನಡೆದುಕೊಂಡು ಹೋಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

1980 ಮೇ 27

ಶಾಲೆಗೆ ಸೇರಿಸುವ ಸಮಯ. ಅಮ್ಮ ಸೀರೆ, ತೆಂಗಿನಕಾಯಿ, ವೀಳ್ಯ ಜೋಡಿಸಿ ಹರಿವಾಣದಲ್ಲಿಟ್ಟರು. "ಹೋಗಿ ಬಿಡಿಸಿಕೊಂಡು ಬಾ. ಶಾಲೆಯಲ್ಲಿ ಒಳ್ಳೆ ಹೆಸರು ಕೊಡು. ನೀನೇ ಅಲ್ವಾ ಮಾವ."

ಶಶಿಪ್ರಭಾ. ಇಷ್ಟು ವರ್ಷ ಕಾದ ಹೆಸರು. ಮಗುವಿನ ಕೈ ಹಿಡಿದು ಹೋದೆ. ಬಾಯಿಗೆ ಮಂಡಿನೋವು, ಮಲಗಿದ್ದರು. ಹರಿವಾಣ ಕಂಡ ಕೂಡಲೇ ತಿಳಿಯಿತು ಅವರಿಗೆ. ಎದ್ದು ಕೂತರು, ಕೂದಲು ಸರಿ ಮಾಡಿಕೊಂಡರು.

"ಕ್ರಮ ಅಲ್ವಾ? ಕೊಡ್ತೇನೆ. ನೀವು ಕೇಳಿ ಶೆಟ್ರೇ, ಕೊಟ್ಟೆ ಅಂತೇನೆ."

ಅಷ್ಟರಲ್ಲಿ ಮಗು ಹೇಳದೆಯೇ ಎಣ್ಣೆಯ ಬಾಟ್ಲಿ ತಂದು ಅವರ ಮಂಡಿಗೆ ತಿಕ್ಕತೊಡಗಿತು. ಬಾಯಿ ಕಾಯುತ್ತಿದ್ದರು. ನಾನು ಕೇಳಲಿಲ್ಲ. ಕೇಳಲು ಆಗಲೇ ಇಲ್ಲ. "ಮಳೆಗಾಲ ಬಂತಲ್ಲ, ಸೀರೆ ಇರಲಿ ಅಂತ ಅಮ್ಮ ಕಳಿಸಿದ್ರು" ಎಂದು ಹರಿವಾಣ ಇಟ್ಟೆ.

"ಬಿಟ್ಟುಕೊಟ್ಟರಾ?" ಅಮ್ಮ ಕೇಳಿದರು.

"ಹೂಂ."

ಜೂನ್ 2

ಶಾಲೆಯಲ್ಲಿ ಕೆಜಿಯಾ ಎಂದೇ ಬರೆಸಿದೆ. ಅಮ್ಮ ಕೆಂಡವಾದರು. "ತೊಗಟೆ ಅಂತ ಬರೆಸಿದ್ಯಾ?" ಇನ್ನು ಮುಚ್ಚಿಟ್ಟು ಫಲವಿಲ್ಲ. ಎಲ್ಲ ಹೇಳಿದೆ. ಬೂದಿಯಲ್ಲಿ ಕೂತವನು, ಹೋದ ಹತ್ತು ಮಕ್ಕಳು, ಆಮೇಲಿನ ಮೂವರು ಹೆಣ್ಣುಮಕ್ಕಳು, ಪರಿಮಳ.

ಅಮ್ಮ ಅಡಿಗೆಮನೆಗೆ ಹೋಗಿ ಡಬ್ಬಿ ತೆಗೆದು ಒಂದು ಚಕ್ಕೆ ಮೂಗಿನ ಹತ್ತಿರ ಹಿಡಿದು ನಿಂತರು.

"ಹಾಗಾದ್ರೆ ಸಲೋಮಿ ಬಾಯಿ ಹೆದರಲೇ ಇಲ್ವಾ?" ಎಂದರು.

1983 ಸೆಪ್ಟೆಂಬರ್ 18

ಸಲೋಮಿ ಬಾಯಿ ನಿನ್ನೆ ಬೆಳಿಗ್ಗೆ ತೀರಿಕೊಂಡರು. ನಿದ್ದೆಯಲ್ಲೇ.

ಇವತ್ತು ಸಂಜೆ ಮಣ್ಣು ಮಾಡಿದರು. ಜನ ಸುಮಾರಿದ್ದರು, ಸಂಬಂಧಿಕರೆಂದು ಯಾರೂ ಇಲ್ಲ. ಪಾದ್ರಿ ಪೌಲ್ ಪ್ರಾರ್ಥನೆ ಮುಗಿಸಿ ಸುತ್ತ ನೋಡಿದರು. "ಮಕ್ಕಳು, ಮನೆಯವರು ಇದ್ದರೆ ಮೊದಲು ಮಣ್ಣು ಹಾಕಬಹುದು." ವಾಡಿಕೆಗೆ ಹೇಳಿದ್ದು. ಮದುವೆಯಾಗದ ಬಾಯಿಗೆ ಮಕ್ಕಳಿಲ್ಲ ಎಂದು ಎಲ್ಲರಿಗೂ ಗೊತ್ತು. ಯಾರೂ ಅಲುಗಲಿಲ್ಲ.

ಅಮ್ಮ ಎಂದೂ ಸ್ಮಶಾನದೊಳಗೆ ಕಾಲಿಟ್ಟವರಲ್ಲ. ಇವತ್ತು ನನ್ನ ಪಕ್ಕದಲ್ಲೇ ನಿಂತಿದ್ದರು. ಮಗುವಿನ ಬೆನ್ನ ಮೇಲೆ ಕೈಯಿಟ್ಟರು.

"ಹೋಗು ಮಗಾ. ನಿನ್ನನ್ನು ಕೊಂಡವರು ಅವರು. ನಾವು ಬಿಡಿಸಿಕೊಂಡಿಲ್ಲ." ಆಮೇಲೆ ನನ್ನ ಕಡೆ ತಿರುಗದೆಯೇ: "ನೀನು ಆವತ್ತು ಹೂಂ ಅಂದದ್ದು ಸುಳ್ಳು ಅಂತ ನನಗೆ ಗೊತ್ತುಂಟು."

ನನ್ನ ಕೈ ಬಿಟ್ಟು ಹೋದಳು. ಬಗ್ಗಿ ಮುಷ್ಟಿ ತುಂಬ ಕೆಂಪು ಮಣ್ಣು ಎತ್ತಿಕೊಂಡಳು. ಪಾದ್ರಿಗೆ ಅರ್ಥವಾಗಲಿಲ್ಲ. ಆದರೂ ಪ್ರೀತಿಯಿಂದ ಕೇಳಿದರು, "ನಿನ್ನ ಹೆಸರೇನಮ್ಮ?"

"ಕೆಜಿಯಾ."

ಅವಳ ಹಿಂದೆ ವಾರಿಜಾಕ್ಷಿಯ ಮಗಳು ಬಂದು ನಿಂತಿದ್ದಳು, ಮುಷ್ಟಿಯಲ್ಲಿ ಮಣ್ಣು.

"ನಿನ್ನದು?"

"ಕೆಜಿಯಾ."

ಪಾದ್ರಿ ತಲೆಯೆತ್ತಿ ನಮ್ಮನ್ನೆಲ್ಲ ನೋಡಿದರು. ಅಷ್ಟರಲ್ಲಿ ಪೂವಪ್ಪನ ಮೊಮ್ಮಗಳು, ಎಲ್ಲರಿಗಿಂತ ಚಿಕ್ಕವಳು, ಕೇಳುವ ಮೊದಲೇ —