ಏನೂ ಸಿಗಲಿಲ್ಲ ಎಂಬ ವರದಿ

ಮಾರ್ಚ್ ೧೧, ಮಂಗಳವಾರ

ಕಚೇರಿ ಕಂಪ್ಯೂಟರುಗಳನ್ನು ತಪಾಸಣೆ ಮಾಡಿದವಳು ನಾನೇ, ಆದರೂ ಆ ವರದಿಗೆ ಸಹಿ ಹಾಕಲಿಲ್ಲ. ಕೆಲಸ ಹೋದರೆ ಹೋಗಲಿ.

ನಮ್ಮ ನೀರು ಸರಬರಾಜು ಕಚೇರಿಯ ಸರ್ವರ್ ತಾನು ಹೊರಗೆ ಏನೂ ಕಳಿಸಿಲ್ಲ ಎನ್ನುತ್ತದೆ. ಪಕ್ಕದ ರೂಟರ್ ಮಾತ್ರ ದಿನವೂ ಹೊರದೇಶಕ್ಕೆ ಮಾಹಿತಿ ಹೋಗಿದೆ ಎನ್ನುತ್ತದೆ. ಕಳ್ಳನೊಬ್ಬ ಸರ್ವರಿನ ಕರ್ನಲ್‌ನಲ್ಲೇ, ಅಂದರೆ ಅದನ್ನು ನಡೆಸುವ ತಿರುಳಿನಲ್ಲೇ ಕೂತು, ತಾನು ನುಗ್ಗುವ ಹಿಂಬಾಗಿಲು ನಮಗೆ ಕಾಣದಂತೆ ಮರೆಮಾಡಿದ್ದಾನೆ; ಸರ್ವರ್ ಈಗ ಅವನು ಹೇಳಿಸಿದ್ದನ್ನೇ ಹೇಳುತ್ತದೆ.

"ಇದು ಆ ದೇಶದ ಸರ್ಕಾರದೋರ ಕೆಲಸ ಕಣಮ್ಮ. ದೊಡ್ಡೋರ ತಂಟೆ ನಮಗ್ಯಾಕೆ? ಏನೂ ಸಿಗಲಿಲ್ಲ ಅಂತ ಬರಿ," ಎಂದರು ಮ್ಯಾನೇಜರ್.

"ಕಳ್ಳನನ್ನೇ ಕೇಳಿ, ಕಳ್ಳತನ ಆಗಿಲ್ಲ ಅಂತ ಬರೀಲಾ ಸರ್?" ಎಂದೆ.

ಮನೆಯಲ್ಲಿ ಇದನ್ನು ಕೇಳಿ ನನ್ನ ಗಂಡ ಹೊಟ್ಟೆ ಹಿಡಿದು ನಕ್ಕ. "ಬೈದ್ರೆ ಇಬ್ಬರೂ ಸೇರಿ ಬೈಸ್ಕೊಳ್ಳೋಣ ಬಿಡೆ." ಎಷ್ಟು ಮುದ್ದು ಇವನು! ಮದುವೆಯಾಗಿ ಹತ್ತೊಂಬತ್ತು ದಿನವಾದರೂ ನಂಬಲಾಗುತ್ತಿಲ್ಲ.

ನಾಳೆ ಎರಡೂ ಯಂತ್ರಗಳ ದಾಖಲೆಯನ್ನು ಅಕ್ಕಪಕ್ಕ ಇಟ್ಟು, ಸಹಿ ಹಾಕಿ ಮೇಲಿನವರಿಗೆ ಕೊಡುತ್ತೇನೆ. ಮದುವೆ ರಿಜಿಸ್ಟರಿನ ನಂತರ ನಾನು ಹಾಕುವ ಮೊದಲ ಸಹಿ ಅದು. ಸುಳ್ಳಿನ ಕೆಳಗಂತೂ ಹಾಕುವುದಿಲ್ಲ. ಇವನು ದೀಪ ಆರಿಸು ಎನ್ನುತ್ತಿದ್ದಾನೆ, ಇನ್ನು ಮಲಗುತ್ತೇನೆ.