ಗೋಡೆ ಒಡೆದ ದಾರಿ

ಸೊಲೊಬುಗು,
೧೪ ಜನವರಿ ೧೯೮೪

ಸಿರಿಮಾನ್ ಅಣ್ಣನಿಗೆ ತಂಗಿ ತೆನೆನ್ ಬರೆಯುವುದು.

ನಿನ್ನ ರಾತ್ರಿಗಳು ಶಾಂತಿಯಿಂದ ಕಳೆಯುತ್ತಿವೆಯೆ? ಇಲ್ಲಿ ಶಾಂತಿಯಿಲ್ಲ. ಗುರುವಾರ ಅಪ್ಪ ತೀರಿಕೊಂಡರು. ಅಬಿಜಾನಿನಿಂದ ನೀನು ಬರುವವರೆಗೆ ಕಾಯಲು ಚಿಕ್ಕಪ್ಪ ಒಪ್ಪಲಿಲ್ಲ.

ಆಮೇಲೆ ಆದದ್ದನ್ನು ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳು. ಶವ ಎತ್ತುವ ಹೊತ್ತಿಗೆ ತ್ರಾವೊರೆ ಮನೆಯ ಕೊರೋತುಮು ತಾನಾಗಿ ಬಂದು ಅಂಗಳದ ಬಾಗಿಲಿಗೆ ಅಡ್ಡ ಮಲಗಿ, ಅಪ್ಪನ ಹೆಣಕ್ಕೆ ಬೈಯತೊಡಗಿದಳು.

"ಏಳೋ, ಅಲಸಂದೆ ಬಾಕ! ನಮ್ಮ ಸಜ್ಜೆ ಹೊಲ ಕೊಯ್ಯೋದು ಬಿಟ್ಟು ಸತ್ತಂಗೆ ನಾಟಕ ಆಡ್ತೀಯಾ? ನಮ್ಮ ಆಳು ನೀನು, ನಮ್ಮನ್ನ ಕೇಳ್ದೆ ಎಲ್ಲಿಗೆ ಹೊರಟೆ?"

ನಮ್ಮದಲ್ಲದೆ ಬೇರೆ ಜಾರಾ ಮನೆಯಾಗಿದ್ದರೆ ಅಳುತ್ತಿದ್ದವರೂ ನಕ್ಕು, "ನೀವೇ ನಮ್ಮ ಆಳುಗಳು, ದಾರಿ ಬಿಡೇ" ಎಂದು ತಿರುಗಿ ಬೈದು ಹೊರಡುತ್ತಿದ್ದರು. ಒಬ್ಬರನ್ನೊಬ್ಬರು ಆಳೆಂದು ಹಂಗಿಸಿ ನಗುವುದೇ ಈ ಎರಡು ಕುಲಗಳ ಹಳೆಯ ನಂಟಲ್ಲವೆ? ತ್ರಾವೊರೆಗಳ ಬೈಗುಳವಿಲ್ಲದೆ ಜಾರಾ ಮನೆಯ ಹೆಣ ಹೊರಡುವುದುಂಟೆ? ಆದರೆ ನಮ್ಮಲ್ಲಿ ಯಾರೂ ನಗಲಿಲ್ಲ. ನಿನಗೆ ಗೊತ್ತಲ್ಲ, ಬಿಳಿಯರು ನೇಮಿಸಿದ ಮುಖಂಡನಾಗಿ ಅವಳ ಅಪ್ಪ ಕಾಲುವೆ ತೋಡಲು ಜನ ಹಿಡಿಯುತ್ತ ನಮ್ಮ ಬಾಗಿಲಿಗೆ ಬಂದಾಗಲೂ ಇದನ್ನೇ ಅಂದಿದ್ದ. "ನಮ್ಮ ಆಳಲ್ವೇನೋ ನೀನು? ನಡಿ." ಅಜ್ಜ ಅದು ಎಂದಿನ ತಮಾಷೆಯೆಂದುಕೊಂಡು, ನಗುತ್ತಲೇ ಹಗ್ಗಕ್ಕೆ ಎರಡೂ ಕೈ ಚಾಚಿದರಂತೆ. ಮರಳಿ ಬರಲೇ ಇಲ್ಲ. ಅಪ್ಪನಿಗೆ ಆಗ ಎಂಟು ವರ್ಷ, ಪಕ್ಕದಲ್ಲೇ ನಿಂತು ಅವರೂ ನಗುತ್ತಿದ್ದರಂತೆ. ಅಂದಿನಿಂದ ಅಪ್ಪ ತ್ರಾವೊರೆಗಳ ಬೈಗುಳಕ್ಕೆ ನಕ್ಕದ್ದೂ ಇಲ್ಲ, ತಿರುಗಿ ಬೈದದ್ದೂ ಇಲ್ಲ.

"ಇವಳನ್ನ ದಾಟಬೇಡಿ, ಉತ್ತರಾನೂ ಕೊಡಬೇಡಿ" ಎಂದರು ಚಿಕ್ಕಪ್ಪ. ಹಾರೆ ತರಿಸಿದರು. ಹಿಂದಿನ ಮಣ್ಣಿನ ಗೋಡೆ ಒಡೆದು, ಆ ಕಿಂಡಿಯಿಂದ ಅಪ್ಪನನ್ನು ಕದ್ದ ಮಾಲಿನ ಹಾಗೆ ಒಯ್ದರು.

ಗಂಡಸರೆಲ್ಲ ಹೋದ ಮೇಲೂ ಕೊರೋತುಮು ಎದ್ದಿರಲಿಲ್ಲ. ಬಳಿಗೆ ಹೋದೆ. "ಬೈಯೇ ಮಗಳೇ, ಒಂದೇ ಒಂದು ಮಾತು ಬೈದುಬಿಡೇ" ಎಂದು ನನ್ನ ಬಟ್ಟೆಯ ಅಂಚು ಹಿಡಿದಳು. ನಾನು ಅಂಚು ಬಿಡಿಸಿಕೊಂಡೆ. ಅವಳು ಮೈಮೇಲಿನ ಮಣ್ಣನ್ನೂ ಕೊಡವಿಕೊಳ್ಳದೆ ಹೋದಳು.

ನಲವತ್ತನೆಯ ದಿನಕ್ಕೆ ಬಾ ಅಣ್ಣ. ಅಂದು ಹಿರಿಯ ಮಗ ಆಡಿದ ಮಾತು ಸತ್ತವರಿಗೆ ಮುಟ್ಟುತ್ತದೆ ಎನ್ನುತ್ತಾರೆ.

ನಿನ್ನ ತಂಗಿ,
ತೆನೆನ್

ತಾ.ಕ.: ಅವಳು ತಾನಾಗಿ ಬಂದಳೆಂದು ಬರೆದೆ. ಹಾಗಲ್ಲ. ಬುಧವಾರ ಅಪ್ಪನೇ ನನ್ನನ್ನು ಅವಳಲ್ಲಿಗೆ ಕಳಿಸಿದ್ದರು. "ಕೊರೋತುಮುನ ಬರಹೇಳು. ಬೈಸಿಕೊಳ್ದೆ ಹೋದ್ರೆ ಅಲ್ಲಿ ನಮ್ಮಪ್ಪ ನನ್ನ ಗುರುತು ಹಿಡಿಯಲ್ಲ" ಎಂದಿದ್ದರು. ಹಾರೆ ಏಟು ಬೀಳುವಾಗ ಇದು ನನ್ನ ಬಾಯಲ್ಲೇ ಇತ್ತು. ಅಪ್ಪ ಕೊನೆಗೆ ತ್ರಾವೊರೆಗಳಿಗೆ ಸೋತರು ಎಂದು ಊರು ಆಡಿಕೊಂಡೀತೆಂದು ನುಂಗಿಬಿಟ್ಟೆ.